ಮುಕ್ನೆಯಿಂದ ಗಂಗಾಪುರದ ಹಿನ್ನೀರಿಗೆ: ನಾಸಿಕದ ಸಣ್ಣ ವೈನರಿಗಳಲ್ಲಿ ಎರಡು ದಿನ

ನಾಸಿಕ ಎಂದರೆ ನಮ್ಮ ಮನೆಗಳಲ್ಲಿ ಇಂದಿಗೂ ತ್ರ್ಯಂಬಕೇಶ್ವರ, ಪಂಚವಟಿ, ರಾಮಕುಂಡ. ಅಲ್ಲಿಂದ ಹಾಗೇ ಶಿರಡಿ, ಶನಿ ಶಿಂಗಣಾಪುರ. ಊರಿನಿಂದ ಮುಂಬೈಗೋ ಪುಣೆಗೋ ಬಂದ ಹಿರಿಯರಿಗೆ ನಾವೆಲ್ಲ ಒಮ್ಮೆಯಾದರೂ ಈ ಸುತ್ತು ಹಾಕಿಸಿದವರೇ. ಅದೇ ಊರಿನ ಪಶ್ಚಿಮಕ್ಕೆ, ಗೋದಾವರಿಗೆ ಕಟ್ಟಿದ ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಈಗ ಇನ್ನೊಂದು ಯಾತ್ರೆ ಜೋರಾಗಿ ನಡೆಯುತ್ತಿದೆ. ಶನಿವಾರ ಬೆಳಿಗ್ಗೆ ಠಾಣೆ ದಾಟಿ ಹೊರಡುವ ಕಾರುಗಳಲ್ಲಿ ಅರ್ಧ ದೇವರಿಗೆ, ಅರ್ಧ ದ್ರಾಕ್ಷಾರಸಕ್ಕೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸುವ ಜಾಣರೂ ಇದ್ದಾರೆ, ದರ್ಶನ ಮೊದಲು ಎಂಬ ಒಂದು ನಿಯಮ ಇಟ್ಟುಕೊಂಡು.

ನಾವು ಹೊರಟದ್ದು ಜನವರಿ ಕೊನೆಯಲ್ಲಿ. ನಾನು, ನನ್ನ ಹೆಂಡತಿ, ಮತ್ತು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯಿಂದ ಬಂದಿದ್ದ ನನ್ನ ಸೋದರಮಾವ. ಮಾಮಾ ದ್ರಾಕ್ಷಿ ಬೆಳೆಗಾರ. ಆರು ಎಕರೆ ಥಾಮ್ಸನ್, ಬಹುಪಾಲು ಒಣದ್ರಾಕ್ಷಿಗೆ. ಕೊರಳಲ್ಲಿ ಲಿಂಗ, ಬಾಯಲ್ಲಿ ಎಲೆಅಡಿಕೆ; ಅದರಾಚೆ ಯಾವ ಚಟವೂ ಇಲ್ಲ. ಅಂಥವರು ವೈನರಿ ನೋಡಬೇಕೆಂದು ಫೋನ್ ಮಾಡಿದಾಗ ನನಗೆ ಆಶ್ಚರ್ಯ. ವಿಷಯ ಬೇರೆಯೇ ಇತ್ತು. ಒಣದ್ರಾಕ್ಷಿಯ ದರ ಒಂದು ವರ್ಷ ಇದ್ದ ಹಾಗೆ ಮತ್ತೊಂದು ವರ್ಷ ಇರುವುದಿಲ್ಲ. ಅವರ ಮಗ ಎರಡು ಎಕರೆ ಥಾಮ್ಸನ್ ಕಿತ್ತು ವೈನ್ ದ್ರಾಕ್ಷಿ ಹಾಕೋಣ ಎಂದು ಹಟ ಹಿಡಿದಿದ್ದ. ಯಾವುದೋ ಕಂಪನಿಯ ಏಜೆಂಟ್ ಒಬ್ಬ ಮನೆಗೆ ಎರಡು ಸಲ ಬಂದು ಹೋಗಿದ್ದನಂತೆ. "ಹುಡ್ಗಾ ಹೇಳತಾನ, ಕರಾರ್ ಐತಿ, ದರ ಪಕ್ಕಾ ಐತಿ ಅಂತ. ನಾ ಕಣ್ಣಿಲೇ ನೋಡ್ದೇ ಒಂದ್ ಬಡ್ಡೀನೂ ಕೀಳಾಂಗಿಲ್ಲ. ನೀ ಮುಂಬಯ್ಯಾಗ ಅದಿ, ತೋರ್ಸು" ಎಂದರು. ತಮ್ಮ ಕೊಯ್ಲು ಶುರುವಾಗಲು ಇನ್ನೂ ಮೂರು ವಾರವಿದೆ ಎಂದು ಲೆಕ್ಕ ಹಾಕಿಯೇ ಬಂದಿದ್ದರು.

ಬೂಟೀಕ್ ವೈನರಿ ಎಂದು ನಾನು ಹೇಳಿದಾಗ ಅವರು ನನ್ನ ಹೆಂಡತಿಯ ಕಡೆ ನೋಡಿದರು. "ಬೂಟೀಕ್ ಅಂದ್ರ ಬ್ಲೌಸ್ ಹೊಲಿಯೋದು ಅಲ್ಲೇನವಾ?" ಅರ್ಥ ಬಹಳ ದೂರವೇನೂ ಇಲ್ಲ. ಸಾವಿರಾರು ಅಂಗಿ ಹೊಲಿಯುವ ಕಾರ್ಖಾನೆಯಲ್ಲ, ಅಳತೆ ತೆಗೆದುಕೊಂಡು ಹೊಲಿಯುವ ಅಂಗಡಿ. ಸಣ್ಣ ಪ್ರಮಾಣದಲ್ಲಿ, ಸಾಧ್ಯವಾದಷ್ಟೂ ಸ್ವಂತ ತೋಟದ ಹಣ್ಣಿನಿಂದ ವೈನ್ ಮಾಡುವವರಿಗೆ ಆ ಹೆಸರು.

ಮುಂಬೈಯಿಂದ ನಾಸಿಕಕ್ಕೆ ಸುಮಾರು 170 ಕಿಲೋಮೀಟರ್, ಪುಣೆಯಿಂದ 210ರ ಆಸುಪಾಸು. ಮುಂಬೈ ದಾರಿಯ ಸೊಗಸು ಕಸಾರಾ ಘಾಟ್ ಹತ್ತಿದ ಮೇಲೆ. ಇಗತಪುರಿಯಲ್ಲಿ ಗಾಳಿ ಬದಲಾಗುತ್ತದೆ. ಘೋಟಿ ಹತ್ತಿರ ಬಲಕ್ಕೆ ಕಳಸೂಬಾಯಿ ಬೆಟ್ಟದ ಸಾಲು, 1646 ಮೀಟರ್ ಎತ್ತರದ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಇಗತಪುರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ಐವತ್ತು ಕಿಲೋಮೀಟರ್ ಒಳಗಿನ ನಾಸಿಕದಲ್ಲಿ ಅದರ ಕಾಲು ಭಾಗದಷ್ಟು. ಸಹ್ಯಾದ್ರಿ ಮೋಡಗಳನ್ನು ಹಿಡಿದು ಹಿಂಡಿಕೊಂಡು, ಉಳಿದದ್ದನ್ನು ಮಾತ್ರ ಪೂರ್ವಕ್ಕೆ ಬಿಡುತ್ತದೆ. ದ್ರಾಕ್ಷಿಗೆ ಬೇಕಾದದ್ದೂ ಅದೇ: ಪಕ್ಕದಲ್ಲಿ ನೀರು ತುಂಬಿದ ಕೆರೆ, ತಲೆಯ ಮೇಲೆ ಒಣ ಆಕಾಶ, ಚಳಿಗಾಲದ ರಾತ್ರಿಯಲ್ಲಿ ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿಯುವ ಚಳಿ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ಕೊಡುತ್ತದೆ, ರಾತ್ರಿಯ ಚಳಿ ಹುಳಿಯನ್ನು ಉಳಿಸುತ್ತದೆ.

ನಮ್ಮ ಮೊದಲ ನಿಲುಗಡೆ ವಲ್ಲೊನೆ ವೈನ್‌ಯಾರ್ಡ್ಸ್. ಹೆದ್ದಾರಿ ಬಿಟ್ಟು ಕಾವನಯಿ, ಸಂಜೇಗಾವ್ ಕಡೆಯ ಹಳ್ಳಿ ರಸ್ತೆ ಹಿಡಿಯಬೇಕು. ಭತ್ತ ಕೊಯ್ದು ಬಿಟ್ಟ ಗದ್ದೆಗಳ ನಡುವೆ ರಸ್ತೆ ಅಲ್ಲಲ್ಲಿ ಇದೆ, ಅಲ್ಲಲ್ಲಿ ಇಲ್ಲ. ವಲ್ಲೊನೆ ಎಂದರೆ ಫ್ರೆಂಚಿನಲ್ಲಿ ಏರಿಳಿತಗಳುಳ್ಳ ನೆಲ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಇಳಿಜಾರಿನ ಕೊನೆಗೆ ಮುಕ್ನೆ ಅಣೆಕಟ್ಟಿನ ನೀರು, ನೀರಿನಾಚೆ ನೀಲಿ ಬೆಟ್ಟ, ಬೆಟ್ಟಕ್ಕೆ ಸಹ್ಯಾದ್ರಿಯ ಆ ಚಪ್ಪಟೆ ತಲೆ. ಬೆಳಿಗ್ಗೆ ಹತ್ತರ ಹೊತ್ತಿಗೂ ನೀರಿನ ಮೇಲೆ ತೆಳುವಾಗಿ ಮಂಜು ಕೂತಿತ್ತು. ನಾನು, ನನ್ನ ಹೆಂಡತಿ ಫೋಟೊ ತೆಗೆಯುತ್ತಾ ನಿಂತೆವು. ಮಾಮಾ ಆಗಲೇ ಸಾಲುಗಳೊಳಗೆ ನುಗ್ಗಿಯಾಗಿತ್ತು.

ಇದೇ ಸಂಜೇಗಾವ್‌ನಲ್ಲಿ ಗ್ರೋವರ್ ಝಂಪಾದ ನಾಸಿಕ ಶಾಖೆಯೂ ಇದೆ. ಕನ್ವಲ್ ಗ್ರೋವರ್ ನಮ್ಮ ದೊಡ್ಡಬಳ್ಳಾಪುರದ ನಂದಿ ಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿಗಳ ದ್ರಾಕ್ಷಿ ಹಚ್ಚಿಸಿದ್ದು 1980ರ ದಶಕದ ಕೊನೆಗೆ, ನಾಸಿಕದಲ್ಲಿ ಸುಲಾ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲು. 2012ರಲ್ಲಿ ಅದು ಇಲ್ಲಿನ ವೈನರಿಯೊಂದಿಗೆ ಸೇರಿ ಗ್ರೋವರ್ ಝಂಪಾ ಆಯಿತು. ಅಂದರೆ ವೈನ್ ವಿಷಯದಲ್ಲಿ ನಾವು ಮಹಾರಾಷ್ಟ್ರಕ್ಕಿಂತ ತೀರಾ ಹಿಂದೆ ಇದ್ದವರೇನಲ್ಲ. ಮಹಾರಾಷ್ಟ್ರ 2001ರಲ್ಲಿ ದ್ರಾಕ್ಷಿ ಸಂಸ್ಕರಣ ನೀತಿ ತಂದು ಅಬಕಾರಿ ಸುಂಕ ಮನ್ನಾ ಮಾಡಿತು. ನಮ್ಮದು ಬಂದದ್ದು 2007ರಲ್ಲಿ. ಆ ಆರು ವರ್ಷದಲ್ಲಿ ನಾಸಿಕ ಬಹಳ ಮುಂದೆ ಹೋಗಿತ್ತು. "ನಮ್ ತೊರವ್ಯಾಗ ವೈನ್ ಪಾರ್ಕ್ ಆಕ್ಕೈತಿ ಅಂತ ಹೇಳಿ ಹೇಳಿ ನನ್ ಮಗಾ ದೊಡ್ಡಾಂವ್ ಆದ" ಎಂದರು ಮಾಮಾ. ಕರ್ನಾಟಕದಲ್ಲಿ ಪ್ರತಿ ಊರಿನಲ್ಲೂ "ವೈನ್ಸ್" ಎಂಬ ಬೋರ್ಡ್ ಇದೆ, ಒಳಗೆ ಕೇಳಿದರೆ ವೈನ್ ಒಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ ಎನ್ನುವುದು ಬೇರೆ ಮಾತು.

ಸಾಲಿನೊಳಗೆ ಮಾಮಾ ನೋಡಿದ್ದೇನೆಂದು ಬರೆಯಬೇಕು, ಏಕೆಂದರೆ ಅವರಿಲ್ಲದೆ ಹೋಗಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅವರ ತೋಟದಲ್ಲಿ ಬಳ್ಳಿ ಚಪ್ಪರದ ಮೇಲೆ ಹರಡಿ ತಲೆಯ ಮೇಲೆ ಗೊಂಚಲು ಇಳಿಬಿಡುತ್ತದೆ. ಇಲ್ಲಿ ತಂತಿ ಬೇಲಿಗೆ ಕಟ್ಟಿದ ಹಾಗೆ ನೇರ ಗೋಡೆ, ಗೊಂಚಲು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಚಾಟ್ನಿ ಮಾತ್ರ ಒಂದೇ ರೀತಿ: ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವರ್ಷಕ್ಕೊಂದು ಚಾಟ್ನಿ ಸಾಕು. ನಮ್ಮ ಬಳ್ಳಿಗೆ ನಿದ್ದೆಯಿಲ್ಲ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹೀಗೆ ಮಳೆಗಾಲವನ್ನು ತಪ್ಪಿಸಿ ಜನವರಿಯಿಂದ ಮಾರ್ಚ್ ಒಳಗೆ ಕೊಯ್ಲು ಮುಗಿಸುತ್ತಾರೆ. ನೀವು ವೈನರಿಗೆ ಹೋಗುವುದಾದರೆ ಈ ಮೂರು ತಿಂಗಳಲ್ಲೇ ಹೋಗಿ. ಆಗಸ್ಟ್‌ನಲ್ಲಿ ಬೆಟ್ಟ, ಕೆರೆ, ಜಲಪಾತ ಎಲ್ಲ ಚೆಂದ. ಆದರೆ ಬಳ್ಳಿಯಲ್ಲಿ ಬರೀ ಎಲೆ.

ಕೆಲಸದವನನ್ನು ಕೇಳಿ ಮಾಮಾ ಒಂದು ಶಿರಾಜ್ ಕಾಳು ಕಿತ್ತು ಬಾಯಿಗೆ ಹಾಕಿಕೊಂಡರು. ಅಗಿದರು, ಬೀಜ ಅಂಗೈಗೆ ಉಗುಳಿ ಎಣಿಸಿದರು.

"ರುಚಿ ಐತಿ. ಸಕ್ಕರಿ ನಮ್ದಕ್ಕಿಂತ ಜಾಸ್ತಿನ ಐತಿ. ಆದ್ರ ನೋಡು, ಸಿಪ್ಪಿ ದಪ್ಪ, ಒಳಗ ಬೀಜ, ಕಾಳು ಇಷ್ಟಿಷ್ಟ. ಇದನ್ನ ಒಯ್ದು ಪ್ಯಾಟ್ಯಾಗ ಇಟ್ರ ಯಾರ್ ತಗೋತಾರ?"

ವೈನ್ ಮಾಡುವವರಿಗೆ ಬೇಕಾದದ್ದೇ ಅದು. ಬಣ್ಣ, ಒಗರು, ಪರಿಮಳ ಎಲ್ಲ ಇರುವುದು ಸಿಪ್ಪೆಯಲ್ಲಿ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ತಿನ್ನುವ ದ್ರಾಕ್ಷಿಗೆ ಜಿಎ ದ್ರಾವಣದಲ್ಲಿ ಗೊಂಚಲು ಅದ್ದಿ ಕಾಳು ಉಬ್ಬಿಸುತ್ತಾರೆ. ಇಲ್ಲಿ ಆ ಕೆಲಸವೇ ಇಲ್ಲ. ಬದಲಿಗೆ ಬೆಳೆದ ಗೊಂಚಲಲ್ಲೇ ಒಂದಷ್ಟನ್ನು ಕತ್ತರಿಸಿ ನೆಲಕ್ಕೆ ಹಾಕುತ್ತಾರೆ, ಉಳಿದದ್ದು ಗಟ್ಟಿಯಾಗಲಿ ಎಂದು. ಥಾಮ್ಸನ್ ಎಕರೆಗೆ ಹತ್ತು ಟನ್ ಕೊಡುವ ಕಡೆ ಒಳ್ಳೆಯ ವೈನಿನ ದ್ರಾಕ್ಷಿ ನಾಲ್ಕೈದು ಟನ್ನಿಗೆ ನಿಲ್ಲುತ್ತದೆ. ಇಳುವರಿ ಕಡಿಮೆಯಾದರೆ ಖರ್ಚೂ ಕಡಿಮೆ ಎಂಬುದು ನಿಜ, ಔಷಧಿ, ಅದ್ದುವ ಕೂಲಿ ಉಳಿಯುತ್ತದೆ. ಆದರೆ ಮಾಮಾ ಕೇಳಿದ್ದು ಇಳುವರಿಯ ಪ್ರಶ್ನೆ ಅಲ್ಲ. ಥಾಮ್ಸನ್ ಬೆಳೆದವನಿಗೆ ಮೂರು ಬಾಗಿಲು. ರಫ್ತು ಆಗದಿದ್ದರೆ ಊರ ಪೇಟೆ, ಪೇಟೆ ಬಿದ್ದರೆ ಶೆಡ್ಡಿನಲ್ಲಿ ಒಣಗಿಸಿ ತಾಸಗಾಂವ್ ಹರಾಜಿಗೆ. ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆದರೂ ಆ ಒಂದು ಕಿಲೋವನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಆರು ತಿಂಗಳು ಕಾಯಬಹುದು. ಶಿರಾಜ್ ಬೆಳೆದವನಿಗೆ ಒಂದೇ ಬಾಗಿಲು. ಅದು ವೈನರಿಯ ಗೇಟು.

ಒಳಗೆ ವೈನ್ ಮಾಡುವ ಜಾಗ ತೋರಿಸಿದರು. ಇದನ್ನು ಬಹಳ ಉದ್ದ ಬರೆಯುವುದಿಲ್ಲ, ಎಲ್ಲ ವೈನರಿಗಳಲ್ಲೂ ಹೆಚ್ಚುಕಡಿಮೆ ಒಂದೇ. ತೊಟ್ಟು ಬಿಡಿಸುವ ಯಂತ್ರ, ಹಿಂಡುವ ಯಂತ್ರ, ತಣ್ಣಗಿಡುವ ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ. ಬಿಳಿ ವೈನಿಗೆ ಸಿಪ್ಪೆ ಬೇರೆ ಮಾಡಿ ರಸ ಮಾತ್ರ ಹುಳಿ ಹಾಕುತ್ತಾರೆ. ಕೆಂಪಿಗೆ ಸಿಪ್ಪೆಯ ಜೊತೆಗೇ. ಒಂದು ಬಾಟಲಿಗೆ ಒಂದು ಕಿಲೋ ಮೀರಿ ಹಣ್ಣು ಬೇಕು. ಬಳ್ಳಿಯಲ್ಲೇ ಹಣ್ಣನ್ನು ಅರ್ಧ ಒಣಗಲು ಬಿಟ್ಟು ಮಾಡುವ ಸಿಹಿ ವೈನ್ ಒಂದಿದೆ ಎಂದು ಕೇಳಿದಾಗ ಮಾತ್ರ ಮಾಮಾ ಕಿವಿ ನೆಟ್ಟಗಾಯಿತು. "ಅಂದ್ರ ಮೊದ್ಲ ಮಣೂಕ ಮಾಡಿ ಆಮ್ಯಾಲೆ ಹಿಂಡತಾರ!"

ರುಚಿ ನೋಡುವ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ಐದಾರು ಗ್ಲಾಸುಗಳಲ್ಲಿ ಒಂದೆರಡು ಗುಟುಕಿನಷ್ಟೇ ಹಾಕಿಕೊಡುತ್ತಾರೆ, ಮೊದಲು ಬಿಳಿ, ಆಮೇಲೆ ರೋಸೇ, ಕೊನೆಗೆ ಕೆಂಪು. ಗ್ಲಾಸ್ ತಿರುಗಿಸಿ ಮೂಸಿ ನೋಡುವುದೇ ಅರ್ಧ ಕೆಲಸ. "ಪೇರಲ ಹಣ್ಣಿನ ವಾಸನೆ ಬರುತ್ತದೆಯೇ, ಲಿಚಿ ಬರುತ್ತದೆಯೇ" ಎಂದು ಅವರು ಕೇಳುತ್ತಾರೆ. ನಿಮಗೆ ಬಾರದಿದ್ದರೆ ಬಂದಂತೆ ತಲೆಯಾಡಿಸಬೇಕಿಲ್ಲ. ಇಷ್ಟವಾಗದ್ದನ್ನು ಪಕ್ಕದ ಪಾತ್ರೆಗೆ ಸುರಿಯಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮಾಮಾ ಕುಡಿಯಲಿಲ್ಲ. ಆದರೆ ಎಲ್ಲ ಗ್ಲಾಸುಗಳನ್ನೂ ಮೂಸಿದರು. ಸೊವಿನ್ಯೋಂ ಬ್ಲಾಂ ಮೂಸಿ "ಹಸಿ ಮೆಣಸಿನಕಾಯಿ ಮುರಿದಾಂಗ" ಎಂದಾಗ ಸುರಿದು ಕೊಡುತ್ತಿದ್ದ ಹುಡುಗ ಬೆರಗಾದ. ಪುಸ್ತಕದಲ್ಲೂ ಹಾಗೇ ಬರೆದಿರುತ್ತಾರಂತೆ. ಮಹಾರಾಷ್ಟ್ರದಲ್ಲಿ ವೈನಿಗೆ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಇಟ್ಟುಕೊಳ್ಳಿ. ಡ್ರೈ ಡೇ ಇದೆಯೇ ಎಂದು ಕ್ಯಾಲೆಂಡರ್ ನೋಡಿಕೊಂಡು ಹೊರಡಿ. ಕಾರು ಓಡಿಸುವವರು ಮೂಸುವುದರಲ್ಲೇ ತೃಪ್ತಿಪಡಬೇಕು. ನಮ್ಮಲ್ಲಿ ಆ ಪಾಳಿ ಹೆಂಡತಿಯದಾಗಿತ್ತು, ಅದಕ್ಕೆ ಪ್ರತಿಯಾಗಿ ಮನೆಗೆ ಒಯ್ಯುವ ಬಾಟಲಿಯ ಆಯ್ಕೆಯೂ ಅವಳದೇ.

ಸಂಜೆ ನಾಸಿಕ ಸೇರಿ, ಮರುದಿನ ಗಂಗಾಪುರದ ದಂಡೆ. ಯಾರ್ಕ್ ವೈನರಿಯ ಮೇಲಿನ ಜಗಲಿಯಿಂದ ಕಾಣುವ ನೋಟಕ್ಕಾಗಿಯೇ ಜನ ಅಲ್ಲಿಗೆ ಹೋಗುವುದು. ಮುಂದೆ ಬಳ್ಳಿಯ ಸಾಲು, ಅದರಾಚೆ ಅಗಲವಾದ ಹಿನ್ನೀರು, ಹಿಂದೆ ತ್ರ್ಯಂಬಕದ ಕಡೆಯ ಬೆಟ್ಟಗಳು. ಅವುಗಳಲ್ಲಿ ಒಂದು ಅಂಜನೇರಿ. ಹನುಮಂತ ಹುಟ್ಟಿದ್ದು ಅಲ್ಲಿ ಎಂದು ಇಲ್ಲಿನವರ ನಂಬಿಕೆ, ನಮ್ಮ ಆನೆಗೊಂದಿಯ ಅಂಜನಾದ್ರಿ ಎಂದು ನಮ್ಮದು, ತಿರುಮಲದವರದು ಮೂರನೆಯದು. 2022ರಲ್ಲಿ ನಾಸಿಕದಲ್ಲಿ ಇದಕ್ಕಾಗಿಯೇ ಸಾಧುಗಳ ಸಭೆ ಸೇರಿ ತೀರ್ಮಾನವಾಗದೆ ಜಗಳದಲ್ಲಿ ಮುಗಿದಿತ್ತು. ಮಾಮಾ ಬೆಟ್ಟಕ್ಕೆ ಕೈಮುಗಿದು, "ಎಲ್ಲೇರ ಹುಟ್ಲಿ, ಹನುಮಪ್ಪ ನಮ್ಮಾಂವ" ಎಂದು ಮುಗಿಸಿಬಿಟ್ಟರು.

ಯಾರ್ಕ್ ಎಂಬುದು ಇಂಗ್ಲೆಂಡಿನ ಊರಿನ ಹೆಸರಲ್ಲ. ಗುರ್ನಾನಿ ಕುಟುಂಬದವರು 2006ರಲ್ಲಿ ಶುರು ಮಾಡಿದಾಗ ಮೂವರು ಮಕ್ಕಳ, ಯೋಗಿತಾ, ರವಿ, ಕೈಲಾಶ್ ಅವರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. ಸಣ್ಣ ಮನೆತನದ ವೈನರಿ, ಅರೋಸ್ ಎಂಬ ಅವರ ಕೆಂಪು ವೈನಿಗೆ ಒಳ್ಳೆಯ ಹೆಸರು. ಆದರೂ 2021ರಲ್ಲಿ ಅದು ನೆರೆಯ ಸುಲಾ ಪಾಲಾಯಿತು. ಸುಲಾ ಕೂಡ ಒಂದು ಕಾಲಕ್ಕೆ ಸಣ್ಣದೇ. ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು ಮನೆತನದ ಜಮೀನಿನಲ್ಲಿ ದ್ರಾಕ್ಷಿ ಹಚ್ಚಿ, ತಾಯಿ ಸುಲಭಾ ಅವರ ಹೆಸರಿನಿಂದ ಹೆಸರು ಕೊಟ್ಟು, 2000ದಲ್ಲಿ ಮೊದಲ ಬಾಟಲಿ ಹೊರತಂದವರು. 2022ರ ಡಿಸೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು. ಈಗ ಅಲ್ಲಿ ವಾರಾಂತ್ಯದಲ್ಲಿ ದಾದರ್ ಸ್ಟೇಷನ್ನಿನಷ್ಟೇ ಜನ. ನಾವು ಒಂದು ಸುತ್ತು ಹಾಕಿ ಹೊರಬಿದ್ದೆವು.

ಸಣ್ಣವರಿಗೆ ಈ ಕೆರೆಯ ನೋಟ ಏಕೆ ಬೇಕು ಎಂಬುದು ಇಲ್ಲಿ ಕೂತಾಗ ಅರ್ಥವಾಗುತ್ತದೆ. ವೈನ್ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪ್ರತಿ ರಾಜ್ಯದಲ್ಲೂ ಪ್ರತಿ ಲೇಬಲ್ಲಿಗೆ ನೋಂದಣಿ ಶುಲ್ಕ, ಅದರ ಮೇಲೆ ಅಲ್ಲಿನ ಸುಂಕ. ವರ್ಷಕ್ಕೆ ಕೆಲವೇ ಸಾವಿರ ಬಾಟಲಿ ಮಾಡುವವನಿಗೆ ಅದು ಗಿಟ್ಟುವುದಿಲ್ಲ. ಬೆಂಗಳೂರಿನ, ಚೆನ್ನೈಯ, ಹೈದರಾಬಾದಿನ ಅಂಗಡಿಯಲ್ಲಿ ಈ ಸಣ್ಣ ಹೆಸರುಗಳು ಕಾಣದಿರುವುದು ಅದಕ್ಕೇ. ಗಿರಾಕಿಯೇ ತೋಟಕ್ಕೆ ಬಂದು, ಊಟ ಮಾಡಿ, ನೀರು ನೋಡಿ, ನಾಲ್ಕು ಬಾಟಲಿ ಡಿಕ್ಕಿಗೆ ಹಾಕಿಕೊಂಡು ಹೋದರೆ ನಡುವಿನವರಿಗೆ ಕೊಡಬೇಕಾದ ಹಣ ಉಳಿಯುತ್ತದೆ.

ಆ ನೀರು ಬರೀ ನೋಟವೂ ಅಲ್ಲ. ನಾಸಿಕ ನಗರ ಕುಡಿಯುವುದು ಇದನ್ನೇ. ಕೆಳಗೆ ಪೈಠಣದ ಜಾಯಕವಾಡಿ ಅಣೆಕಟ್ಟಿಗೂ ಇದರಲ್ಲಿ ಪಾಲಿದೆ. 2005ರ ಕಾನೂನು ನದಿಯ ಮೇಲಿನವರೂ ಕೆಳಗಿನವರೂ ಕೊರತೆಯನ್ನು ಹಂಚಿಕೊಳ್ಳಬೇಕೆನ್ನುತ್ತದೆ. 2015ರ ಬರದಲ್ಲಿ ಇಲ್ಲಿಂದ ಮರಾಠವಾಡಕ್ಕೆ ನೀರು ಬಿಟ್ಟಾಗ ನಾಸಿಕದ ದ್ರಾಕ್ಷಿ ರೈತರು ಬೀದಿಗಿಳಿದಿದ್ದರು. ಕಾವೇರಿಯನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊಟದ ನಂತರ ಗಂಗಾವರ್ಹೆ ಕಡೆಯ ರಸ್ತೆಯಲ್ಲಿ ಮಾಮಾ ಕಾರು ನಿಲ್ಲಿಸಿದರು. ಅಲ್ಲೊಂದು ತೋಟ, ಚಪ್ಪರದ ಥಾಮ್ಸನ್, ತಮ್ಮ ತೋಟದ ಹಾಗೆಯೇ. ಪೇಠ್, ಸುರಗಾಣಾ ಕಡೆಯಿಂದ ಬಂದ ಆದಿವಾಸಿ ಹೆಂಗಸರು ಗೊಂಚಲು ಬಿಡಿಸುತ್ತಿದ್ದರು. ಈ ಜಿಲ್ಲೆಯ ದ್ರಾಕ್ಷಿಯ ಕೆಲಸ ನಡೆಯುವುದು ಬಹುಮಟ್ಟಿಗೆ ಅವರ ಕೈಯಲ್ಲೇ, ಯಾವ ವೈನರಿಯ ಗೋಡೆಯ ಫೋಟೊದಲ್ಲೂ ಅವರ ಮುಖ ನನಗೆ ಕಾಣಲಿಲ್ಲ. ತೋಟದ ಯಜಮಾನ ಅರವತ್ತರ ಆಸುಪಾಸಿನವನು. ಮಾಮಾಗೆ ಮರಾಠಿ ಕನ್ನಡದಷ್ಟೇ ಸಲೀಸು; "ಏಕರೀ ಕಿತೀ?" ಎಂದು ಶುರುವಾದದ್ದು ಚಹಾ ಬರುವ ಹೊತ್ತಿಗೆ ಎರಡು ಮನೆಯ ಲೆಕ್ಕಪತ್ರ ಬಿಚ್ಚುವಷ್ಟಕ್ಕೆ ಬಂದಿತ್ತು.

ಆತನೂ ಒಮ್ಮೆ ಮೂರು ಎಕರೆ ಕ್ಯಾಬರ್ನೆ ಹಾಕಿದ್ದನಂತೆ. 2005ರ ಸುಮಾರಿಗೆ ಜಿಲ್ಲೆಯಲ್ಲಿ ಎಲ್ಲರಿಗೂ ಅದೇ ಹುಚ್ಚು. ಸುಂಕ ಇಲ್ಲ, ಬ್ಯಾಂಕು ಸಾಲ ಕೊಡುತ್ತದೆ, ವೈನರಿ ಬಾಗಿಲಿಗೇ ಬಂದು ಒಯ್ಯುತ್ತದೆ. ಮೊದಲ ಎರಡು ಕೊಯ್ಲು ಚೆನ್ನಾಗಿ ಹೋಯಿತು. 2008ರಲ್ಲಿ ಜಗತ್ತಿನಾದ್ಯಂತ ಆರ್ಥಿಕ ಕುಸಿತ, ನವೆಂಬರ್‌ನಲ್ಲಿ ಮುಂಬೈ ದಾಳಿ. ಹೋಟೆಲುಗಳು ಖಾಲಿ, ವೈನ್ ಟ್ಯಾಂಕುಗಳಲ್ಲೇ ನಿಂತಿತು. ಮುಂದಿನ ಕೊಯ್ಲಿಗೆ ಅವನ ಕಂಪನಿ ಹಣ್ಣು ಒಯ್ಯಲಿಲ್ಲ, ಹಿಂದಿನ ಬಾಕಿಯನ್ನೂ ಕೊಡಲಿಲ್ಲ. ಕೈಯಲ್ಲಿ ಕರಾರು ಪತ್ರ ಇತ್ತು, ಕೋರ್ಟಿಗೆ ಹೋಗಲು ಹಣ ಇರಲಿಲ್ಲ. ಬೀಜದ ಹುಳಿ ದ್ರಾಕ್ಷಿಯನ್ನು ಪೇಟೆಗೆ ಒಯ್ದರೆ ಯಾರೂ ಮುಟ್ಟಲಿಲ್ಲ. ಕೊನೆಗೆ ಹಣ್ಣು ಬಳ್ಳಿಯಲ್ಲೇ ಬಾಡಿತು. 2010ರಲ್ಲಿ ಜೆಸಿಬಿ ತರಿಸಿ ಎಲ್ಲ ಕಿತ್ತು ಮತ್ತೆ ಥಾಮ್ಸನ್. ಆ ವರ್ಷಗಳಲ್ಲಿ ನಾಸಿಕದ ಎಷ್ಟೋ ಸಣ್ಣ ವೈನರಿಗಳೂ ಬಾಗಿಲು ಹಾಕಿದವು ಎಂಬುದನ್ನೂ ಇಲ್ಲಿ ಹೇಳಬೇಕು; ಮೋಸ ಮಾಡಬೇಕೆಂದೇ ಮಾಡಿದವರು ಎಲ್ಲರೂ ಅಲ್ಲ.

"ಹಾಗಾದರೆ ವೈನ್ ದ್ರಾಕ್ಷಿ ಹಾಕುವುದೇ ಬೇಡವೇ?" ಎಂದು ನಾನು ಕೇಳಿದೆ. ಆತ ಹಾಗೆ ಅನ್ನಲಿಲ್ಲ. ಪಕ್ಕದ ಹೊಲದ ತನ್ನ ಅಳಿಯ ಈಗ ಒಂದು ವೈನರಿಗೆ ಬೆಳೆಯುತ್ತಾನೆ, ದರ ರಫ್ತಿನಷ್ಟಿಲ್ಲ, ಆದರೆ ಅಕಾಲ ಮಳೆ ಬಿದ್ದ ವರ್ಷವೂ ನೆಮ್ಮದಿಯಾಗಿ ಮಲಗುತ್ತಾನೆ ಎಂದ. ಬಳ್ಳಿ ಹದಿನೈದು ವರ್ಷ ಬದುಕುತ್ತದೆ, ಕರಾರು ಎಷ್ಟು ವರ್ಷದ್ದು ನೋಡಿ. ವೈನರಿ ನಿಮ್ಮ ಊರಿನಿಂದ ಎಷ್ಟು ದೂರ ನೋಡಿ, ಕೊಯ್ದ ಹಣ್ಣು ಬಿಸಿಲಿನಲ್ಲಿ ಲಾರಿಯಲ್ಲಿ ನಿಂತರೆ ಸಕ್ಕರೆ ಸರಿಯಿಲ್ಲ ಎಂದು ವಾಪಸ್ ಕಳಿಸುತ್ತಾರೆ, ಎಂದ. ಮಾಮಾ ಈ ಎರಡು ಮಾತನ್ನು ಎಲೆಅಡಿಕೆ ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದುಕೊಂಡರು.

ಹೋಗುವವರಿಗೆ ಇಷ್ಟು: ಮುಂಬೈಯವರಿಗೆ ಪಂಚವಟಿ ಎಕ್ಸ್‌ಪ್ರೆಸ್ ಇದೆ, ನಾಸಿಕ ರೋಡ್‌ನಲ್ಲಿ ಇಳಿದು ಟ್ಯಾಕ್ಸಿ, ದೂರದ ಊರಿನವರಿಗೆ ಓಝರ್ ವಿಮಾನ ನಿಲ್ದಾಣ. ಮುಕ್ನೆ ಕಡೆಗೂ ಗಂಗಾಪುರದ ಕಡೆಗೂ ಒಂದೇ ದಿನ ಹೋಗುವ ದುರಾಸೆ ಬೇಡ. ದಿನಕ್ಕೆ ಎರಡು ವೈನರಿ ಸಾಕು, ಮೂರನೆಯದರಲ್ಲಿ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಶನಿವಾರ, ಭಾನುವಾರ ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ. ವಾರದ ನಡುವೆ ತೋಟದಲ್ಲಿ ಕೆಲಸ ಮಾಡುವವರ ಜೊತೆ ಮಾತಾಡಲು ಸಿಗುತ್ತದೆ. ಬಾಟಲಿ ಒಯ್ಯುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಮರಳುವಾಗ ಘೋಟಿಯಲ್ಲಿ ಚಹಾಕ್ಕೆ ನಿಂತೆವು. ಮಾಮಾ ಮಗನಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಮಾತಾಡುವುದು ಅವರ ರೂಢಿ, ಹಾಗಾಗಿ ಇಡೀ ಅಂಗಡಿಗೆ ಕೇಳಿಸಿತು. "ಎರಡ್ ಎಕರೆ ಬ್ಯಾಡ. ಹಳ್ಳದ ಕಡಿ ಆ ಅರ್ಧ ಎಕರೆ ಐತಲ್ಲ, ಬಡ್ಡಿ ಮುಪ್ಪಾಗ್ಯಾವ, ಹೆಂಗೂ ಕೀಳೋದs. ಅಲ್ಲಿ ಹಾಕೂಣು. ಆ ಏಜೆಂಟಗ ಹೇಳು, ಹತ್ ವರ್ಷದ ಕಾಗದಾ ಮಾಡ್ಕೊಂಡ್ ಬಾ ಅಂತ. ಮೂರ್ ವರ್ಷದ್ದು ಅಂದ್ರ ಬಾಗ್ಲಾಗಿಂದನ ಕಳ್ಸು." ಆ ಕಡೆಯಿಂದ ಮಗ ಏನೋ ಜೋರಾಗಿ ಹೇಳಿದ, ಘಾಟಿನ ಗಾಳಿಗೆ ಸರಿಯಾಗಿ ಕೇಳಲಿಲ್ಲ. ಮಾಮಾ ಚಹಾ ಮುಗಿಸಿ, ಡಿಕ್ಕಿಯಲ್ಲಿದ್ದ ಬಾಟಲಿಗಳು ಬಿಸಿಯಾಗುತ್ತವೆ, ಬೇಗ ಹೊರಡಿ ಎಂದರು.